ಮಧುಮೇಹಿಗಳ ಒಸಡು ರೋಗ ಮತ್ತು ಲೇಸರ್ ಚಿಕಿತ್ಸೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಜೋಳದ ರೊಟ್ಟಿ ನಿತ್ಯದ ಆಹಾರ. ಅದನ್ನು ಅಗಿಯಲು ಹಲ್ಲುಗಳು ಭದ್ರವಾಗಿರಬೇಕು. ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಸೋಂಕನ್ನು ತಡೆಯುವ ಶಕ್ತಿ ಕುಂದಿ ಒಸಡು ರೋಗ ಬಲಿಯುತ್ತದೆ. ಒಸಡಿನ ಉರಿಯೂತವು ಸಕ್ಕರೆಯ ಹತೋಟಿಯನ್ನು ಮತ್ತಷ್ಟು ಕೆಡಿಸುತ್ತದೆ.

ಲಕ್ಷಣಗಳು: ಹಲ್ಲುಜ್ಜುವಾಗ ರಕ್ತ ಬರುವುದು, ಬಾಯಿಯ ದುರ್ವಾಸನೆ, ಒಸಡಿನಲ್ಲಿ ಕೀವು, ಹಲ್ಲು ಅಲುಗಾಡುವುದು.

ಚಿಕಿತ್ಸೆ: ಹಲ್ಲಿಗೂ ಅದರ ಬೇರಿಗೂ ಅಂಟಿದ ಗಟ್ಟಿ ಕೊಳೆಯನ್ನು ತೆಗೆಯುವುದೇ ಮುಖ್ಯ ಚಿಕಿತ್ಸೆ. ಇದರಿಂದ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಪ್ರಮಾಣವು ಸರಾಸರಿ ಶೇಕಡಾ 0.4 ಅಂಶದಷ್ಟು ಇಳಿಯುವುದು ಕಂಡುಬಂದಿದೆ. ಅನಂತರ ಅಗತ್ಯವೆನಿಸಿದರೆ ದಂತವೈದ್ಯರು ಡಯೋಡ್ ಲೇಸರ್ ಬಳಸುತ್ತಾರೆ. ಸಣ್ಣ ತಂತುವಿನ ಮೂಲಕ ಹಾಯುವ ಈ ಬೆಳಕಿನ ಶಾಖವು ಒಸಡಿನ ರೋಗಗ್ರಸ್ತ ಪದರವನ್ನು ನೀಗಿಸಿ ರೋಗಾಣುಗಳನ್ನು ತಗ್ಗಿಸುತ್ತದೆ, ರಕ್ತಸ್ರಾವವೂ ಕಡಿಮೆ. ಆದರೆ ಗಟ್ಟಿ ಕೊಳೆಯನ್ನು ಅದು ತೆಗೆಯಲಾರದು. ಆದುದರಿಂದ ಲೇಸರ್ ದೊರೆಯಲಿಲ್ಲವೆಂದು ಚಿಕಿತ್ಸೆಯನ್ನು ಮುಂದೂಡಬಾರದು.

ನೆನಪಿಡಿ: ಆರು ತಿಂಗಳಿಗೊಮ್ಮೆ ಬಾಯಿಯನ್ನು ತಪಾಸಣೆ ಮಾಡಿಸಿಕೊಳ್ಳಿರಿ. ಚಿಕಿತ್ಸೆಯ ದಿನ ಊಟವನ್ನೂ ಮಧುಮೇಹದ ಔಷಧವನ್ನೂ ತಪ್ಪಿಸಬೇಡಿರಿ. ತಂಬಾಕು, ಗುಟ್ಕಾ ತ್ಯಜಿಸಿರಿ. ಹೆಚ್ಚಿನ ಚಿಕಿತ್ಸೆ ಬೇಕಾದವರಿಗೆ ಬೆಳಗಾವಿ ಮತ್ತು ಧಾರವಾಡದಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ.