ವಿದ್ಯುತ್ ಡ್ರಿಲ್: ಬಳಕೆ ಮತ್ತು ರಕ್ಷಣೆ



ಕುಂಟೆಯ ಪಟ್ಟಿಗೆ, ಟ್ರೇಲರಿನ ತಗಡಿಗೆ ತೂತು ಕೊರೆಯಲು ವಿದ್ಯುತ್ ಡ್ರಿಲ್ ಬಲು ಅನುಕೂಲ. ಆದರೆ ಅದರ ತಂತಿಯಲ್ಲಿರುವುದು 230 ವೋಲ್ಟ್ ವಿದ್ಯುತ್. ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತವರಿಗೆ ಅದು ಪ್ರಾಣಾಪಾಯ ತರಬಲ್ಲದು.

ಕೊರೆಯುವ ಮುನ್ನ

1. ತಂತಿಯ ಹೊದಿಕೆ ಒಡೆದಿದ್ದರೆ ಟೇಪು ಸುತ್ತಿ ಕೆಲಸ ಸಾಗಿಸಬೇಡಿ, ತಂತಿಯನ್ನೇ ಬದಲಾಯಿಸಿ.

2. ಲೋಹದ ಮೈಯ ಡ್ರಿಲ್ಲಿಗೆ ಮೂರು ಪಿನ್ನಿನ ಪ್ಲಗ್ಗೂ ಸರಿಯಾದ ಅರ್ಥಿಂಗೂ ಇರಲೇಬೇಕು. ಒಳತಂತಿ ಮೈಗೆ ತಗಲಿದಾಗ ವಿದ್ಯುತ್ತು ನೆಲಕ್ಕಿಳಿಯುವ ದಾರಿ ಅದೇ. ಚೌಕದೊಳಗೆ ಚೌಕದ ಗುರುತಿರುವ ಡ್ರಿಲ್ಲಿಗೆ ಎರಡು ಪದರದ ನಿರೋಧಕವಿರುವುದರಿಂದ ಅರ್ಥಿಂಗ್ ಬೇಕಿಲ್ಲ.

3. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್.ಸಿ.ಸಿ.ಬಿ.ಯನ್ನು ಮೇನ್ ಬೋರ್ಡಿಗೆ ಹಾಕಿಸಿ.

4. ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿರಲಿ. ಬಿಗಿದ ಮೇಲೆ ಚಕ್ಕಿನ ಕೀಲಿಯನ್ನು ತೆಗೆದಿಡಿ.

ಕೊರೆಯುವಾಗ

ಹೆಗಲ ಮೇಲಿನ ಟವೆಲು, ಸಡಿಲ ತೋಳು, ಕೈಗವಸು ಬೇಡ. ತಿರುಗುವ ಬಿಟ್ಟಿಗೆ ಸುತ್ತಿಕೊಂಡು ಕೈಯನ್ನೇ ಎಳೆಯುತ್ತವೆ. ರಕ್ಷಣಾ ಕನ್ನಡಕ ಧರಿಸಿ. ಪಟ್ಟಿಯನ್ನು ಕಾಲಲ್ಲಿ ತುಳಿದು ಹಿಡಿಯದೆ ವೈಸಿನಲ್ಲಿ ಬಿಗಿಯಿರಿ. ಸೆಂಟರ್ ಪಂಚಿನಿಂದ ಗುರುತು ಹೊಡೆದರೆ ಬಿಟ್ ಜಾರದು. ಉಕ್ಕಿಗೆ ಆಗಾಗ ಎಣ್ಣೆ ಹನಿಸಿ. ತೂತು ಆಚೆ ಬದಿಗೆ ಬೀಳುವ ಹೊತ್ತಿಗೆ ಒತ್ತಡ ತಗ್ಗಿಸಿ. ಬಿಟ್ ಕಚ್ಚಿಕೊಂಡು ಡ್ರಿಲ್ ಕೈಯನ್ನು ತಿರುಚುವುದು ಆಗಲೇ.

ರಕ್ಷಣೆ

ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತು, ಗಾಳಿಕಿಂಡಿಗಳ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಮೋಟಾರಿನಲ್ಲಿ ಕಿಡಿ ಹೆಚ್ಚಿ, ತಡೆತಡೆದು ತಿರುಗಿದರೆ ಕಾರ್ಬನ್ ಬ್ರಷ್‌ಗಳು ಸವೆದಿರಬಹುದು. ಎರಡನ್ನೂ ಒಟ್ಟಿಗೆ ಬದಲಿಸಿ. ತೇವ ತಾಗದ ಕಡೆ ಇಡಿ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಈ ಮಾತನ್ನು ಮನೆಯವರೆಲ್ಲರಿಗೂ ತಿಳಿಸಿರಿ.