ಮನೆಯಂಗಳಕ್ಕೆ ಯಾವ ಮರ? – ಎಂಟನೇ ತರಗತಿಯ ಒಂದು ಪಾಠಾನುಭವ

ತರಗತಿ: 8. ವಿಷಯ: ವಿಜ್ಞಾನ. ಘಟಕ: ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ (ವಿಸ್ತರಣಾ ಚಟುವಟಿಕೆ). ಅವಧಿ: 40 ನಿಮಿಷಗಳ ಎರಡು ತರಗತಿಗಳು.

ಬೋಧನಾಭ್ಯಾಸಕ್ಕೆ ನಾನು ಹೋಗಿದ್ದು ಹ್ಯಾಂಡ್‌ಪೋಸ್ಟ್ ಸಮೀಪದ ಒಂದು ಪ್ರೌಢಶಾಲೆಗೆ. ಸಂರಕ್ಷಣೆಯ ಘಟಕ ಮುಗಿದ ಮೇಲೆ ಮನೆಯಂಗಳಕ್ಕೆ ಮರ ಆರಿಸುವ ಬಗ್ಗೆ ಒಂದು ಪಾಠ ಮಾಡಿದೆ. ಚಾರ್ಟಿನಲ್ಲಿ ಎರಡು ಪಟ್ಟಿ ಬರೆದಿದ್ದೆ. ‘ಸೂಕ್ತ’ ಎಂಬುದರ ಕೆಳಗೆ ಮಾವು, ಹಲಸು, ತೆಂಗು, ಬೇವು, ಹೊಂಗೆ. ‘ಸೂಕ್ತವಲ್ಲ’ ಎಂಬುದರ ಕೆಳಗೆ ಆಲ, ಅರಳಿ, ಗುಲ್‌ಮೊಹರ್. ಆಲ, ಅರಳಿಯ ಬೇರುಗಳು ಗೋಡೆಯ ಬಿರುಕಿಗೆ ನುಗ್ಗುತ್ತವೆ. ಗುಲ್‌ಮೊಹರ್‌ನ ಬೇರು ಮೇಲ್ಪದರದಲ್ಲೇ ಹರಡುತ್ತದೆ, ಕೊಂಬೆ ಗಾಳಿಗೆ ಮುರಿಯುತ್ತದೆ. ಮಕ್ಕಳು ಬರೆದುಕೊಂಡರು. ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಎಂದು ಬಂತು.

ಮಾರನೆಯ ದಿನ ಕಿರುಪರೀಕ್ಷೆ. ಆಲ, ಅರಳಿ, ಹಲಸು, ಗುಲ್‌ಮೊಹರ್ – ಇವುಗಳಲ್ಲಿ ಮನೆಯಂಗಳಕ್ಕೆ ಸೂಕ್ತವಾದುದು ಯಾವುದು ಎಂಬುದು ಒಂದು ಪ್ರಶ್ನೆ. ಒಬ್ಬ ಹುಡುಗಿ ನಾಲ್ಕನ್ನೂ ಬಿಟ್ಟು ಪಕ್ಕದಲ್ಲಿ ‘ಯಾವುದೂ ಬೇಡ’ ಎಂದು ಬರೆದಿದ್ದಳು. ಅವಳಿಗೆ ಸೊನ್ನೆ ಹಾಕಿದೆ. ಪತ್ರಿಕೆ ಕೊಟ್ಟಾಗ ಅವಳೇನೂ ಜಗಳ ಮಾಡಲಿಲ್ಲ. ತರಗತಿ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ಹೇಳಿದಳು: “ಮಿಸ್, ನಮ್ ಹಿತ್ಲಲ್ಲಿ ಹಲ್ಸಿನ್ ಮರ ಇತ್ತು. ಹಣ್ಣು ಗಮ್ ಅಂದ್ರೆ ಆನೆ ಬಂದ್‌ಬುಡ್ತದೆ. ಹೋದ್ ಸಲ ಗೋಡೆ ಕೆಡವ್‌ಬುಡ್ತು. ಅಪ್ಪ ಮರ ಕಡಿಸ್‌ಬುಟ್ರು.”

ಅವಳದು ಕಾಡಂಚಿನ ಊರು. ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ. ಹಲಸು ಮಾಗುವ ಹೊತ್ತಿನಲ್ಲಿ ಆನೆ ಊರೊಳಗೆ ಬರುವುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಇದು ನನಗೂ ಗೊತ್ತಿತ್ತು, ಪಾಠಯೋಜನೆಗೆ ಮಾತ್ರ ಗೊತ್ತಿರಲಿಲ್ಲ. ‘ಪೂರ್ವಜ್ಞಾನ’ ಎಂಬ ಕಲಂನಲ್ಲಿ ನಾನು ಬರೆದಿದ್ದು ‘ವಿದ್ಯಾರ್ಥಿಗಳು ಮರಗಳ ಉಪಯೋಗಗಳನ್ನು ತಿಳಿದಿದ್ದಾರೆ’ ಎಂದಷ್ಟೇ. ಮರಗಳ ತೊಂದರೆಯೂ ಅವರಿಗೆ ತಿಳಿದಿರಬಹುದು ಎಂದು ಹೊಳೆಯಲೇ ಇಲ್ಲ.

ಎರಡನೇ ತರಗತಿಗೆ ಚಾರ್ಟ್ ಒಯ್ಯಲಿಲ್ಲ. ಹಗ್ಗ, ಗೂಟ, ರಂಗೋಲಿ ಪುಡಿ ಹಿಡಿದು ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. 30×40 ಅಡಿಯ ನಿವೇಶನ ಗುರುತಿಸಿದೆವು, ಒಳಗೆ 20×30ರ ಮನೆ. ಮಾವಿಗೆ ರೂಢಿಯ ಅಂತರ 10 ಮೀಟರ್. ಗೂಟಕ್ಕೆ 5 ಮೀಟರ್ ಹಗ್ಗ ಕಟ್ಟಿ ಸುತ್ತು ಹಾಕಿದಾಗ ವೃತ್ತದ ಅಡ್ಡಳತೆ ಸುಮಾರು 33 ಅಡಿ ಬಂತು. ನಿವೇಶನದ ಅಗಲವನ್ನೇ ಅದು ಮೀರಿತ್ತು. “ಮಿಸ್, ಮರದ ಕೆಳಗಲ್ಲ, ಮರದ ಒಳಗೇ ಮನೆ!” ಎಂದ ಒಬ್ಬ. ತೆಂಗಿಗೆ ಏಳೂವರೆ ಮೀಟರ್, ಸೀಬೆಗೆ ಆರು, ಅವೂ ಇಕ್ಕಟ್ಟೇ. ಬೆಳೆದ ಮರದ ಹರವನ್ನು ಬಾಯಲ್ಲಿ ಹೇಳುವುದಕ್ಕೂ ಕಾಲಲ್ಲಿ ಸುತ್ತಿ ನೋಡುವುದಕ್ಕೂ ಎಷ್ಟು ವ್ಯತ್ಯಾಸವೆಂದು ಅಲ್ಲಿ ಕಂಡೆ. ತೋಟದ ಮನೆಯ ಮಕ್ಕಳಿಗೆ ಈ ಲೆಕ್ಕ ಬೇಕಿರಲಿಲ್ಲ, ಅವರು ಸುಮ್ಮನೆ ನಕ್ಕರು. ಹ್ಯಾಂಡ್‌ಪೋಸ್ಟ್‌ನ ಬಡಾವಣೆಯ ಮಕ್ಕಳಿಗೆ ಬೇಕಿತ್ತು.

ನೆರಳಿನ ಮಾತು ಬಂದಾಗ ದಿಕ್ಕು ಕೇಳಿದೆ. ನಮ್ಮ ತಾಲ್ಲೂಕು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ಭಾಗದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ಇರುವುದರಿಂದ ಮರದ ನೆರಳು ಅದರ ಬುಡದಲ್ಲೇ ಬೀಳುತ್ತದೆ. ಗೋಡೆ ಕಾಯುವುದು ಮೂರು ಗಂಟೆಯ ಮೇಲಿನ ಪಡುವಣ ಬಿಸಿಲಿಗೆ. ಹಾಗಾಗಿ ಜಾಗವಿದ್ದರೆ ಪಶ್ಚಿಮಕ್ಕೆ ಹೊಂಗೆ. ಯುಗಾದಿಯ ಹೊತ್ತಿಗೆ ಅದು ಚಿಗುರಿರುತ್ತದೆ, ಬೇಸಿಗೆಗೆ ನೆರಳು ಸಿದ್ಧ. ವಿದ್ಯುತ್ ತಂತಿಯ ಕೆಳಗೆ ದಾಳಿಂಬೆ, ನಿಂಬೆಯಂಥ ಗಿಡ್ಡ ಮರ ಮಾತ್ರ.

ಉಳಿದ ಹೊತ್ತೆಲ್ಲ ಆನೆಗೆ ಹೋಯಿತು. ಹಲಸನ್ನು ಕಾಯಲ್ಲೇ ಕಿತ್ತು ಸಾರಿಗೆ ಬಳಸಿದರೆ ಆನೆ ಬರುವುದಿಲ್ಲ ಎಂದ ಒಬ್ಬ. ತುದಿಯಲ್ಲಿರುವುದನ್ನು ಯಾರು ಕೀಳುತ್ತಾರೆ ಎಂದು ಹುಡುಗಿ ಕೇಳಿದಳು. ಪಕ್ಕದವರು ಬಾಳೆ ಹಾಕಿದ್ದರೆ ನಾವು ಹಲಸು ಕಡಿದು ಏನು ಪ್ರಯೋಜನ ಎಂದ ಇನ್ನೊಬ್ಬ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆ. ‘ಸಮಾರೋಪ’ಕ್ಕೆ ಇಟ್ಟಿದ್ದ ಐದು ನಿಮಿಷವೂ ಇದರಲ್ಲೇ ಕಳೆಯಿತು, ಅಂಕಪಟ್ಟಿಯಲ್ಲಿ ಅದಕ್ಕೆ ಅಂಕ ಕಡಿಮೆಯಾಯಿತು, ಸರಿಯೇ.

ಆ ಬಹು ಆಯ್ಕೆಯ ಪ್ರಶ್ನೆಯನ್ನು ಎಲ್ಲರ ಪತ್ರಿಕೆಯಿಂದಲೂ ತೆಗೆದುಹಾಕಿ, ಬದಲಿಗೆ ಪ್ರತಿಯೊಬ್ಬರೂ ತಮ್ಮ ಮನೆಯ ನಕ್ಷೆ ಬರೆದು ಮರ ಗುರುತಿಸಿ ಕಾರಣ ಕೊಡಲಿ ಎಂದೆ. ತಿದ್ದಲು ಮೂರು ಪಟ್ಟು ಸಮಯ ಹಿಡಿಯಿತು. ಆ ಹುಡುಗಿಯ ನಕ್ಷೆಯಲ್ಲಿ ಬಚ್ಚಲ ನೀರು ಹರಿಯುವಲ್ಲಿ ಕರಿಬೇವು, ಪಡುವಣಕ್ಕೆ ಹೊಂಗೆ. ಹಲಸು ಇದ್ದ ಜಾಗದಲ್ಲಿ ಒಂದು ಖಾಲಿ ಚೌಕ. ಒಳಗೆ ಪುಟ್ಟ ಅಕ್ಷರದಲ್ಲಿ ‘ಇಲ್ಲಿ ಮಾವ ಬೈಕ್ ನಿಲ್ಲಿಸ್ತಾರೆ’ ಎಂದು ಬರೆದಿದ್ದಳು.