ಸಾಕುನಾಯಿಗೆ ಮೂಳೆ: ಹಿತವೆಷ್ಟು, ಅಪಾಯವೆಷ್ಟು?

ಹೊಲ, ಕಣ, ಕುರಿಹಟ್ಟಿಗಳ ಕಾವಲಿಗೆ ನಾಯಿ ಸಾಕುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ವರ್ಷತೊಡಕಿನಲ್ಲೋ ಊರಹಬ್ಬದಲ್ಲೋ ಬಾಡೂಟ ಮುಗಿದೊಡನೆ ಎಲೆಯಲ್ಲಿ ಉಳಿದ ಮೂಳೆಗಳು ಈ ನಾಯಿಯ ಪಾಲಾಗುವುದು ವಾಡಿಕೆ. ಆದರೆ ಸಾರಿನಲ್ಲಿ ಬೆಂದ ಮೂಳೆಯೇ ನಾಯಿಗೆ ಹೆಚ್ಚು ಅಪಾಯಕಾರಿ. ಒಂದು ತುಂಡು ಕೋಳಿಮೂಳೆ, ವರ್ಷಗಟ್ಟಲೆ ಮಂದೆ ಕಾಯ್ದ ನಾಯಿಯ ಪ್ರಾಣ ತೆಗೆಯಬಲ್ಲದು.

ಬೆಂದ ಮೂಳೆ ಏಕೆ ಬೇಡ?

ಒಣಮೂಳೆಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸುಣ್ಣ ಮತ್ತು ರಂಜಕ ಕೂಡಿದ ಖನಿಜಾಂಶ. ಉಳಿದುದರಲ್ಲಿ ಬಹುಪಾಲು ಕೊಲಾಜೆನ್ ಎಂಬ ಸಸಾರಜನಕ ವಸ್ತು. ಗೋಡೆಯ ಮಣ್ಣಿಗೆ ಬೆರೆಸಿದ ಹುಲ್ಲಿನಂತೆ ಇದು ಖನಿಜವನ್ನು ಹಿಡಿದಿಟ್ಟು, ಮೂಳೆಗೆ ಬಾಗುವ ಗುಣ ಕೊಡುತ್ತದೆ. ಬೇಯಿಸಿದಾಗ ಕೊಲಾಜೆನ್ ಸಡಿಲಗೊಂಡು ಸಾರಿಗೆ ಇಳಿಯುತ್ತದೆ. ಉಳಿದ ಮೂಳೆ ಪೆಡಸಾಗಿ, ಕಡಿದರೆ ಚೂಪಾದ ಸೀಳುಗಳಾಗಿ ಒಡೆಯುತ್ತದೆ. ಈ ಸೀಳುಗಳು ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದು. ಜಠರ, ಕರುಳುಗಳನ್ನು ತೂತು ಮಾಡಬಹುದು.

ಹಸಿಮೂಳೆ ಕೊಡುವುದಾದರೆ

ಹಸಿಮೂಳೆ ಅಷ್ಟು ಸುಲಭವಾಗಿ ಸೀಳುವುದಿಲ್ಲ. ಆದರೂ ಅದು ಸಂಪೂರ್ಣ ನಿರಪಾಯಕಾರಿಯಲ್ಲ. ಕೊಡುವವರು ಈ ಅಂಶಗಳನ್ನು ಪಾಲಿಸಬೇಕು:

1. ಆರೋಗ್ಯವಂತ ಪ್ರಾಣಿಯ ತಾಜಾ ಮೂಳೆಯನ್ನೇ ಕೊಡಬೇಕು. ಸತ್ತು ಬಿದ್ದ ದನ, ಕುರಿಯದು ಬೇಡ.
2. ಮೂಳೆ ನಾಯಿಯ ಮೂತಿಗಿಂತ ಉದ್ದವಾಗಿದ್ದು, ಇಡಿಯಾಗಿ ನುಂಗಲು ಬಾರದಂತಿರಬೇಕು. ದನದ ಕಾಲಿನ ಗಟ್ಟಿ ನಳಿಗೆ ಹಲ್ಲು ಮುರಿಯುತ್ತದೆ.
3. ಹಾಲುಹಲ್ಲಿನ ಮರಿಗೆ, ಹಲ್ಲು ಸವೆದ ಮುದಿನಾಯಿಗೆ, ಗಬಗಬನೆ ನುಂಗುವ ನಾಯಿಗೆ ಕೊಡಬಾರದು.
4. ಒಂದೊಂದೇ ನಾಯಿಗೆ, ಎದುರಿಗೆ ನಿಂತು ಕೊಡಬೇಕು. ಹತ್ತು–ಹದಿನೈದು ನಿಮಿಷದ ನಂತರ, ಬೇರೆ ತಿನಿಸು ತೋರಿಸಿ ಹಿಂದಕ್ಕೆ ಪಡೆಯಬೇಕು.

ಒಳಾಂಗಗಳ ವಿಷಯದಲ್ಲಿ ಎಚ್ಚರ

ಮೂಳೆಯ ಜೊತೆಗೆ ಕುರಿ, ಮೇಕೆಗಳ ಯಕೃತ್ತು, ಶ್ವಾಸಕೋಶಗಳನ್ನು ಹಸಿಯಾಗಿ ಎಸೆಯುವ ರೂಢಿಯುಂಟು. ಇವುಗಳಲ್ಲಿ ನೀರು ತುಂಬಿದ ಗುಳ್ಳೆಗಳಿದ್ದರೆ ಅವು ಒಂದು ಬಗೆಯ ಲಾಡಿಹುಳುವಿನ ಮರಿಹಂತವಿರಬಹುದು. ನಾಯಿ ಇವನ್ನು ತಿಂದರೆ ಅದರ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳುಗಳು ಬೆಳೆಯುತ್ತವೆ. ಮೊಟ್ಟೆಗಳು ಮಲದ ಮೂಲಕ ಹೊರಬಂದು, ಹುಲ್ಲಿನಿಂದ ಕುರಿಗೂ, ಕೈಯಿಂದ ಮನೆಯ ಮಕ್ಕಳ ಬಾಯಿಗೂ ಸೇರುತ್ತವೆ. ಮನುಷ್ಯನ ಯಕೃತ್ತಿನಲ್ಲಿ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಆದ್ದರಿಂದ ಗುಳ್ಳೆಯಿರುವ ಭಾಗವನ್ನು ಆಳವಾಗಿ ಹೂಳಬೇಕು. ಉಳಿದುದನ್ನು ಅರ್ಧ ಗಂಟೆಗೂ ಹೆಚ್ಚು ಕುದಿಸಿಯೇ ಕೊಡಬೇಕು. ಪಶುವೈದ್ಯರಿಂದ ನಾಯಿಯ ತೂಕಕ್ಕೆ ತಕ್ಕ ಪ್ರಾಜಿಕ್ವಾಂಟೆಲ್ ಔಷಧಿಯನ್ನು ಕ್ರಮವಾಗಿ ಕೊಡಿಸುವುದು ಲೇಸು.

ಮೂಳೆಗೆ ಬದಲು

ಉಪ್ಪು, ಖಾರ, ಈರುಳ್ಳಿ ಹಾಕದೆ ಮೂಳೆಯನ್ನು ಬೇರೆಯಾಗಿ ಕುದಿಸಿ, ರಸವನ್ನು ಸೋಸಿ ಮುದ್ದೆಗೆ ಕಲಸಿ ಕೊಡಬಹುದು. ಈರುಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತದೆ. ರಸದಲ್ಲಿ ರುಚಿಯಿದ್ದರೂ ಸುಣ್ಣಾಂಶ ಅತ್ಯಲ್ಪ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಆದರೆ ಬೆಳೆಯುವ ಮರಿಗೆ ರಾಗಿಯೊಂದೇ ಸಾಲದು. ಮೊಟ್ಟೆ, ಬೇಯಿಸಿದ ಮಾಂಸವೂ ಬೇಕು.

ಅಪಾಯದ ಚಿಹ್ನೆಗಳು

ಜೊಲ್ಲು ಸುರಿಸುವುದು, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುವುದು, ಪದೇ ಪದೇ ವಾಂತಿಗೆ ಯತ್ನಿಸುವುದು, ಹೊಟ್ಟೆಯುಬ್ಬರ, ಮಲವಿಸರ್ಜನೆಗೆ ತಿಣುಕುವುದು, ಮಲದಲ್ಲಿ ರಕ್ತ: ಇವು ಕಂಡರೆ ತಡಮಾಡಬಾರದು. ಎಣ್ಣೆ ಕುಡಿಸುವುದು, ಉಪ್ಪುನೀರಿನಿಂದ ವಾಂತಿ ಮಾಡಿಸುವುದು, ಕಡ್ಡಿಯಿಂದ ಒಳಕ್ಕೆ ತಳ್ಳುವುದು ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಕೂಡಲೇ ಪಶು ಆಸ್ಪತ್ರೆಗೆ ಒಯ್ಯಬೇಕು.

ಬಾಡೂಟದ ದಿನ ಮೂಳೆಗಳನ್ನೆಲ್ಲ ಒಂದು ಬುಟ್ಟಿಗೆ ತುಂಬಿ, ಗುಂಡಿಯಲ್ಲಿ ಹೂತು, ನಾಯಿ ಕೆದಕದಂತೆ ಮೇಲೆ ಕಲ್ಲು ಹೇರಬೇಕು. ಗಿಡಗಳ ಪಾತಿಗೆ ಹಾಕಿದ ಮೂಳೆಗೊಬ್ಬರವನ್ನೂ ಮಣ್ಣಿನಲ್ಲಿ ಚೆನ್ನಾಗಿ ಬೆರೆಸಿ ಮುಚ್ಚಬೇಕು. ವಾಸನೆಗೆ ಬಂದ ನಾಯಿ ಅದನ್ನು ತಿಂದರೆ ಹೊಟ್ಟೆಯಲ್ಲಿ ಗಟ್ಟಿಯಾಗುತ್ತದೆ. ಇಷ್ಟು ಎಚ್ಚರ ವಹಿಸಿದರೆ ಕಾವಲಿನ ನಾಯಿಯೂ ಉಳಿಯುತ್ತದೆ, ಮನೆಮಂದಿಯ ಆರೋಗ್ಯವೂ ಉಳಿಯುತ್ತದೆ.